ಹಿತ್ತಲಿನ ಎಂಜಿನಿಯರುಗಳು: ಆಸ್ಟಿನ್ ಸೆವೆನ್ ‘ಸ್ಪೆಷಲ್’ಗಳ ಚರಿತ್ರೆ

ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ ರೇಸ್ ಕಾರುಗಳ ವಿನ್ಯಾಸಕ್ಕೆ ಹೊಸ ದಿಕ್ಕು ತೋರಿದವರಲ್ಲಿ ಹಲವರು ತಮ್ಮ ವಿದ್ಯೆಯ ಮೊದಲ ಪಾಠವನ್ನು ದೊಡ್ಡ ಕಾರ್ಖಾನೆಗಳಲ್ಲಿ ಕಲಿಯಲಿಲ್ಲ. ಹತ್ತಿಪ್ಪತ್ತು ವರ್ಷ ಓಡಿ ಗುಜರಿಯ ದಾರಿ ಹಿಡಿದಿದ್ದ ಒಂದು ಪುಟ್ಟ ಕಾರನ್ನು ಮನೆಯ ಹಿತ್ತಲಿನ ಶೆಡ್ಡಿಗೆ ತಂದು, ಅದರ ಮೈಯನ್ನು ಕಳಚಿ, ಎಂಜಿನ್ನನ್ನು ಬಿಚ್ಚಿ ಹರಡಿಕೊಂಡು, ಅದನ್ನು ತಮ್ಮ ಕೈಲಾದಂತೆ ಸ್ಪೋರ್ಟ್ಸ್ ಕಾರನ್ನಾಗಿ ಮಾಡಿಕೊಳ್ಳುವ ಯತ್ನದಲ್ಲಿ ಅವರು ಕಲಿತರು. ಆ ಕಾರು ಆಸ್ಟಿನ್ ಸೆವೆನ್. ಹೀಗೆ ಬದಲಾಯಿಸಿ ಕಟ್ಟಿದ, ಒಂದರಂತೆ ಇನ್ನೊಂದಿರದ ಕಾರಿಗೆ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಹೆಸರು ‘ಸ್ಪೆಷಲ್’. ಈ ಪದ್ಧತಿಯನ್ನು ಯುವಕರ ಹುಮ್ಮಸ್ಸಿನ ಕಥೆಯಾಗಿ ಹೇಳುವುದು ವಾಡಿಕೆ. ಹುಮ್ಮಸ್ಸು ಎಲ್ಲ ಕಾಲದ ಯುವಕರಲ್ಲೂ ಇರುವಂಥದ್ದೇ ಆದ್ದರಿಂದ, ಅದು ಸುಮಾರು 1930ರಿಂದ 1960ರವರೆಗೆ ಈ ಒಂದು ಕಾರಿನ ಸುತ್ತಲೇ ಇಷ್ಟು ದಟ್ಟವಾಗಿ ಏಕೆ ಮುತ್ತಿಕೊಂಡಿತು ಎಂಬುದನ್ನು ಆ ಬಗೆಯ ಕಥನ ವಿವರಿಸಲಾರದು. ತೆರಿಗೆಯ ಕಾನೂನು, ಪಡಿತರ, ಹೊಸ ಕಾರುಗಳ ಕೊರತೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಆ ಕಾರಿನಲ್ಲೇ ಇದ್ದ ದೋಷಗಳು ಸೇರಿ ಈ ಚರಿತ್ರೆಯನ್ನು ರೂಪಿಸಿದವು.

1921ರ ಆರಂಭದಿಂದ ಬ್ರಿಟನ್ನಿನಲ್ಲಿ ಕಾರುಗಳ ಮೇಲೆ ‘ಅಶ್ವಶಕ್ತಿ ತೆರಿಗೆ’ ಜಾರಿಗೆ ಬಂದಿತು. ಒಂದು ಅಶ್ವಶಕ್ತಿಗೆ ವರ್ಷಕ್ಕೆ ಒಂದು ಪೌಂಡು ಎಂಬುದು ಅದರ ದರ. ಆದರೆ ಇಲ್ಲಿ ಅಶ್ವಶಕ್ತಿಯೆಂದರೆ ಎಂಜಿನ್ನು ನಿಜವಾಗಿ ಕೊಡುವ ಬಲವಾಗಿರದೆ, ಸಿಲಿಂಡರುಗಳ ಸಂಖ್ಯೆ ಮತ್ತು ಅವುಗಳ ವ್ಯಾಸದಿಂದ ಮಾತ್ರ ಲೆಕ್ಕ ಹಾಕಿದ ಒಂದು ಅಂಕಿಯಾಗಿತ್ತು; ಪಿಸ್ಟನ್ ಮೇಲಿನಿಂದ ಕೆಳಕ್ಕೆ ಚಲಿಸುವ ದೂರ ಈ ಸೂತ್ರದೊಳಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ಸಿಲಿಂಡರನ್ನು ಕಿರಿದಾಗಿಸಿ, ಪಿಸ್ಟನ್ನಿನ ಓಟವನ್ನು ಉದ್ದವಾಗಿಸಿದವನಿಗೆ ತೆರಿಗೆಯಲ್ಲಿ ಲಾಭವಿತ್ತು. ಅದೇ ವರ್ಷ ಹರ್ಬರ್ಟ್ ಆಸ್ಟಿನ್ನನ ಕಂಪನಿ ಸಾಲದ ಹೊರೆಯಿಂದ ನ್ಯಾಯಾಲಯ ನೇಮಿಸಿದ ಆಡಳಿತಾಧಿಕಾರಿಯ ಕೈಗೆ ಹೋಗಿತ್ತು. ಸೈಡ್‌ಕಾರ್ ಕಟ್ಟಿದ ಮೋಟಾರ್ ಸೈಕಲ್ಲಿನಲ್ಲಿ ಸಂಸಾರವನ್ನು ಕೂರಿಸಿಕೊಂಡು ಹೋಗುವವರಿಗೂ ಎಟಕುವಂಥ ಕಾರೊಂದನ್ನು ಮಾಡಬೇಕೆಂಬ ಆತನ ಆಲೋಚನೆಗೆ ಕಂಪನಿಯ ನಿರ್ದೇಶಕರು ಒಲವು ತೋರದಿದ್ದಾಗ, ಆತ ಸ್ಟ್ಯಾನ್ಲಿ ಎಡ್ಜ್ ಎಂಬ ಹದಿನೆಂಟರ ಹರೆಯದ ನಕ್ಷೆಗಾರನನ್ನು ಕರೆಸಿಕೊಂಡು, ತನ್ನ ಸ್ವಂತ ಮನೆಯಾದ ಲಿಕಿ ಗ್ರೇಂಜ್‌ನಲ್ಲೇ ನಕ್ಷೆಗಳನ್ನು ಬರೆಸಿದ. ಎರಡು ಸಿಲಿಂಡರಿನ ಎಂಜಿನ್ನಿನತ್ತ ವಾಲಿದ್ದ ಯಜಮಾನನನ್ನು ನಾಲ್ಕು ಸಿಲಿಂಡರಿನ ಕಡೆಗೆ ಒಲಿಸಿದವನು ಈ ಹುಡುಗನೇ. ಮುಂದೆ ಹುಡುಗರ ಕೈಗೆ ಸಿಕ್ಕಿ ಮರುಹುಟ್ಟು ಪಡೆದ ಕಾರನ್ನು ಮೊದಲ ಬಾರಿಗೆ ಕಾಗದದ ಮೇಲೆ ಇಳಿಸಿದವನೂ ಹುಡುಗನೇ ಆಗಿದ್ದನೆಂಬುದು ಆಕಸ್ಮಿಕವಿದ್ದೀತು, ಆದರೂ ದಾಖಲಿಸತಕ್ಕದ್ದು.

1922ರಲ್ಲಿ ಪ್ರಕಟವಾದ ಈ ಕಾರಿನ ಎಂಜಿನ್ನು ಮೊದಲು 696 ಸಿಸಿ ಇದ್ದು, ಮರುವರ್ಷವೇ 747 ಸಿಸಿಗೆ ಏರಿತು. ಸಿಲಿಂಡರಿನ ವ್ಯಾಸ 56 ಮಿಲಿಮೀಟರು, ಪಿಸ್ಟನ್ನಿನ ಓಟ 76 ಮಿಲಿಮೀಟರು. ತೆರಿಗೆಯ ಲೆಕ್ಕದಲ್ಲಿ 7.8 ಅಶ್ವಶಕ್ತಿ. ನಿರ್ಮಾಣ ನಿಂತ 1939ರ ಹೊತ್ತಿಗೆ ಸುಮಾರು 2,90,000 ಕಾರುಗಳು ಹೊರಬಂದಿದ್ದವು. ಜರ್ಮನಿಯಲ್ಲಿ ಇದನ್ನು ಪರವಾನಗಿ ಪಡೆದು ‘ಡಿಕ್ಸಿ’ ಎಂಬ ಹೆಸರಿನಿಂದ ತಯಾರಿಸುತ್ತಿದ್ದ ಕಾರ್ಖಾನೆಯನ್ನು 1928ರಲ್ಲಿ ಕೊಂಡುಕೊಂಡೇ ಬಿಎಂಡಬ್ಲ್ಯು ಕಂಪನಿ ಕಾರು ತಯಾರಿಕೆಗೆ ಇಳಿಯಿತು.

ಕಾರಿನ ಅಂಗರಚನೆ ಸರಳವಾಗಿತ್ತು. ಚಾಸಿ, ಅಂದರೆ ಎಂಜಿನ್ನು, ಚಕ್ರ, ಮೈ ಎಲ್ಲವನ್ನೂ ಹೊರುವ ಉಕ್ಕಿನ ಚೌಕಟ್ಟು, ಹಿಂದೆ ಅಗಲವಾಗಿದ್ದು ಮುಂದಕ್ಕೆ ಹೋದಂತೆ ಎ ಅಕ್ಷರದ ಹಾಗೆ ಕೂಡಿಕೊಳ್ಳುವ, ಒಂದು ಬದಿ ತೆರೆದಿರುವ ಎರಡು ದೋಣಿ-ಪಟ್ಟಿಗಳಿಂದಾಗಿತ್ತು. ಕೂಡುವ ತುದಿಯಲ್ಲಿ ಅಡ್ಡಲಾಗಿ ಒಂದೇ ಲೀಫ್ ಸ್ಪ್ರಿಂಗ್, ಎಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಸ್ಪ್ರಿಂಗ್, ಮುಂದಿನ ಅಚ್ಚನ್ನು ಹಿಡಿದಿದ್ದರೆ, ಹಿಂದಿನ ಅಚ್ಚು ಚಾಸಿಯ ತುದಿಗಳಿಂದ ಹೊರಚಾಚಿದ ಎರಡು ಗಿಡ್ಡ ಸ್ಪ್ರಿಂಗ್‌ಗಳಿಗೆ ಜೋತುಬಿದ್ದಿತ್ತು. ಅಗ್ಗದ ಈ ಏರ್ಪಾಡಿನಲ್ಲಿ ದೋಷಗಳಿಗೆ ಕೊರತೆಯಿರಲಿಲ್ಲ. ತಿರುವಿನಲ್ಲಿ ಕಾರು ವಾಲಿದಾಗ ಹಿಂದಿನ ಸ್ಪ್ರಿಂಗ್‌ಗಳು ಅಚ್ಚನ್ನೇ ಸ್ವಲ್ಪ ಓರೆಗೆ ತಿರುಗಿಸುತ್ತಿದ್ದುದರಿಂದ, ಚಾಲಕ ಮುಂದಿನ ಚಕ್ರಗಳಿಂದ ನಡೆಸುತ್ತಿದ್ದ ಕಾರನ್ನು ಹಿಂದಿನ ಚಕ್ರಗಳು ಬೇರೊಂದು ಕಡೆಗೆ ನಡೆಸಲು ಹವಣಿಸುತ್ತಿದ್ದವು. ತಂತಿ ಎಳೆದು ಕೆಲಸ ಮಾಡುವ ಬ್ರೇಕುಗಳು ನಾಲ್ಕು ಚಕ್ರಗಳಿಗೂ ಇದ್ದವಾದರೂ, 1930ರವರೆಗೆ ಕಾಲಿನ ಪೆಡಲು ಹಿಂದಿನವನ್ನೂ ಕೈ ಸನ್ನೆ ಮುಂದಿನವನ್ನೂ ಬೇರೆಬೇರೆಯಾಗಿ ಹಿಡಿಯುತ್ತಿದ್ದವು. ಪಿಸ್ಟನ್ನಿನ ಏರಿಳಿತವನ್ನು ಸುತ್ತುವ ಚಲನೆಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟಿಗೆ ಎರಡೇ ಎರಡು ಆಧಾರದ ಬೇರಿಂಗ್‌ಗಳು, ತುದಿಗೊಂದರಂತೆ. ನಡುವೆ ಯಾವ ಆಸರೆಯೂ ಇಲ್ಲದೆ, ತೆರಿಗೆಯ ಸೂತ್ರ ಹೇರಿದ ಉದ್ದನೆಯ ಓಟವನ್ನೂ ಹೊತ್ತುಕೊಂಡು, ವೇಗ ಹೆಚ್ಚಿದಂತೆ ಅದು ಬಳುಕುತ್ತಿತ್ತು. ನಡುವಿನ ಮೂರನೆಯ ಬೇರಿಂಗ್ ಬಂದದ್ದು 1936ರಲ್ಲಿ. ಎಣ್ಣೆಯನ್ನು ಸಣ್ಣ ನಳಿಕೆಗಳಿಂದ ಸುತ್ತುತ್ತಿರುವ ಶಾಫ್ಟಿನ ರಂಧ್ರಗಳತ್ತ ಚಿಮ್ಮಿಸಲಾಗುತ್ತಿತ್ತು. ಅದು ಸರಿಯಾದ ಜಾಗಕ್ಕೆ ತಲುಪುವುದನ್ನು ಅರ್ಧ ಯಂತ್ರಶಾಸ್ತ್ರಕ್ಕೂ ಇನ್ನರ್ಧ ದೈವಕ್ಕೂ ಬಿಟ್ಟಂತಿತ್ತು.

ಇಷ್ಟೆಲ್ಲ ಇದ್ದೂ ಈ ಕಾರು ರೇಸಿನಲ್ಲಿ ಗೆಲ್ಲತೊಡಗಿದ್ದು ಮುಂದಿನ ಕಥೆಗೆ ನಿರ್ಣಾಯಕವಾಯಿತು. 1929ರಲ್ಲಿ ಐರ್ಲೆಂಡಿನ ಅಲ್‌ಸ್ಟರ್ ಪ್ರಾಂತದಲ್ಲಿ ನಡೆದ ಟೂರಿಸ್ಟ್ ಟ್ರೋಫಿ ಸ್ಪರ್ಧೆಯಲ್ಲಿ, ಸಣ್ಣ ಕಾರುಗಳಿಗೆ ರಿಯಾಯಿತಿ ನೀಡುವ ನಿಯಮದ ಆಸರೆಯಿಂದ, ಆರ್ಚಿ ಫ್ರೇಜರ್-ನ್ಯಾಶ್ ನಡೆಸಿದ ಆಸ್ಟಿನ್ ಸೆವೆನ್ ಮೂರನೆಯ ಸ್ಥಾನಕ್ಕೆ ಬಂದಿತು. ಮೊದಲನೆಯದು ರುಡಾಲ್ಫ್ ಕರಾಚಿಯೋಲಾನ ದೈತ್ಯ ಮರ್ಸಿಡಿಸ್. ಆ ಸಾಧನೆಯ ನೆನಪಿಗೆ ‘ಅಲ್‌ಸ್ಟರ್’ ಎಂದೇ ಕರೆಯಲಾದ, ಇಬ್ಬರು ಕೂರುವ ಕುಳ್ಳಗಿನ ಸ್ಪೋರ್ಟ್ಸ್ ಮಾದರಿಯೊಂದನ್ನು ಕಂಪನಿ ಮಾರುಕಟ್ಟೆಗೆ ತಂದಿತು. 1930ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದ 500 ಮೈಲಿಗಳ ಸ್ಪರ್ಧೆಯನ್ನು ಎಸ್.ಸಿ.ಎಚ್. ಡೇವಿಸ್ ಮತ್ತು ಅರ್ಲ್ ಆಫ್ ಮಾರ್ಚ್ ಈ ಕಾರಿನಲ್ಲಿ, ಗಂಟೆಗೆ 83 ಮೈಲಿಗೂ ಮೀರಿದ ಸರಾಸರಿಯಲ್ಲಿ ಗೆದ್ದರು. ಅಲ್‌ಸ್ಟರ್ ಕಾರುಗಳು ತಯಾರಾದದ್ದು ಕೆಲವೇ ಕೆಲವು, ಸಾಧಾರಣ ಕಾರುಗಳಾದರೋ ಲಕ್ಷಗಟ್ಟಲೆ. ಎರಡರ ಚಾಸಿಯೂ ಎಂಜಿನ್ನಿನ ಮೂಲ ರಚನೆಯೂ ಹತ್ತಿರದ ಬಂಧುಗಳು. ಅಕ್ಕಿ ಮೂಟೆ ಹೊತ್ತು ಸಂಸಾರ ಸಾಗಿಸುತ್ತಿದ್ದ ಕಾರಿನೊಳಗೇ ರೇಸ್ ಕಾರೊಂದು ಅಡಗಿದೆ ಎಂಬ ಭಾವನೆ ಹುಟ್ಟಲು ಇನ್ನೇನು ಬೇಕಿತ್ತು?

ಮೂವತ್ತರ ದಶಕದಲ್ಲೇ ಈ ಭಾವನೆ ಕೃತಿಗಿಳಿಯಿತು. ಅಂದಿನ ಸ್ಪೆಷಲ್‌ಗಳಲ್ಲಿ ಅತ್ಯಂತ ಪ್ರೌಢವಾದದ್ದು ಅಲೆಕ್ ಇಸಿಗೋನಿಸ್ ತನ್ನ ಗೆಳೆಯ ಜಾರ್ಜ್ ಡೌಸನ್ನನ ಜೊತೆಗೂಡಿ ದಶಕದ ನಡುವಿನಿಂದ ಕೊನೆಯವರೆಗೆ, ಬಹುಮಟ್ಟಿಗೆ ಕೈ ಉಪಕರಣಗಳಿಂದಲೇ ಕಟ್ಟಿದ ‘ಲೈಟ್‌ವೇಟ್ ಸ್ಪೆಷಲ್’. ಆಸ್ಟಿನ್ನಿನ ಬಿಡಿಭಾಗಗಳನ್ನು ಬಳಸಿಕೊಂಡರೂ ಇದರಲ್ಲಿ ಆಸ್ಟಿನ್ನಿನ ಚಾಸಿಯೇ ಇರಲಿಲ್ಲ. ಪ್ಲೈವುಡ್ಡಿಗೆ ಅಲ್ಯೂಮಿನಿಯಂ ತಗಡನ್ನು ಅಂಟಿಸಿದ ಹಲಗೆಗಳ ಮೈಯೇ ಚೌಕಟ್ಟಿನ ಕೆಲಸವನ್ನೂ ಮಾಡುತ್ತಿತ್ತು, ಉಕ್ಕಿನ ಸ್ಪ್ರಿಂಗ್‌ಗಳ ಜಾಗದಲ್ಲಿ ರಬ್ಬರಿತ್ತು. ಇಪ್ಪತ್ತು ವರ್ಷಗಳ ಬಳಿಕ, 1959ರಲ್ಲಿ, ಇದೇ ಇಸಿಗೋನಿಸ್ ರೂಪಿಸಿದ ‘ಮಿನಿ’ ಕಾರೂ ಅಲೆಕ್ಸ್ ಮೌಲ್ಟನ್ನನ ರಬ್ಬರ್ ಸ್ಪ್ರಿಂಗ್‌ಗಳ ಮೇಲೆ ಕೂತಿತ್ತು. ಆದರೆ ಇಸಿಗೋನಿಸ್ ಆಗಲೇ ಮೋಟಾರು ಉದ್ಯಮದಲ್ಲಿದ್ದ ಎಂಜಿನಿಯರ್. ಸಾಮಾನ್ಯ ಹುಡುಗರ ಕೈಗೆ ಈ ಕೆಲಸ ಹೋದದ್ದು ಯುದ್ಧದ ನಂತರ.

ಅದಕ್ಕೆ ಭೂಮಿಕೆಯನ್ನು ಒದಗಿಸಿದ್ದು 1939ರಲ್ಲಿ ಮೋಟಾರು ಪತ್ರಕರ್ತ ಬಿಲ್ ಬಾಡಿಯ ಮುಂದಾಳುತನದಲ್ಲಿ ಆರಂಭವಾದ ‘750 ಮೋಟಾರ್ ಕ್ಲಬ್’. ಎಂಜಿನ್ನಿನ ಗಾತ್ರವನ್ನೇ ಹೆಸರಾಗಿಸಿಕೊಂಡ ಈ ಸಂಘ ಹುಟ್ಟಿದ ವರ್ಷವೇ ಯುದ್ಧ ಶುರುವಾಯಿತು. ಯುದ್ಧ ಮುಗಿದಾಗ ಬ್ರಿಟನ್ನು ಸಾಲದಲ್ಲಿತ್ತು. ವಿದೇಶಿ ವಿನಿಮಯ ಗಳಿಸುವ ಸಲುವಾಗಿ ಹೊಸ ಕಾರುಗಳಲ್ಲಿ ಹೆಚ್ಚಿನವು ರಫ್ತಾಗುತ್ತಿದ್ದು, ದೇಶದೊಳಗಿನ ಗ್ರಾಹಕ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಿತ್ತು. ಮೇಲಾಗಿ 1940ರಲ್ಲಿ ಬಂದ ‘ಖರೀದಿ ತೆರಿಗೆ’ ಹೊಸ ಕಾರಿನ ಬೆಲೆಯನ್ನು ಏರಿಸಿತ್ತು. ಪೆಟ್ರೋಲಿಗೆ ಪಡಿತರವಿತ್ತು; 1947ರ ಕೊನೆಯಲ್ಲಿ ಖಾಸಗಿ ಓಡಾಟದ ಪಡಿತರವನ್ನೂ ಸಂಪೂರ್ಣ ನಿಲ್ಲಿಸಿ, ಮರುವರ್ಷ ಜೂನಿನಲ್ಲಿ ಅಲ್ಪ ಪ್ರಮಾಣದಲ್ಲಿ ಮತ್ತೆ ಕೊಡಲಾಯಿತು. ಪಡಿತರದ ನಿರ್ಬಂಧ ಪೂರ್ತಿ ತೆರವಾದದ್ದು 1950ರ ಮೇ ತಿಂಗಳಲ್ಲಿ. ಹೀಗೆ ಹೊಸದು ಸಿಗದ, ಸಿಕ್ಕರೂ ಕೊಳ್ಳಲಾಗದ ದೇಶದಲ್ಲಿ ಹಳೆಯ ಸೆವೆನ್‌ಗಳು ಎಲ್ಲೆಲ್ಲೂ ಇದ್ದವು ಮತ್ತು ಅಗ್ಗವಾಗಿದ್ದವು. ಇನ್ನೊಂದು ಕಡೆ ವಾಯುಪಡೆಯಲ್ಲೂ ವಿಮಾನ ಕಾರ್ಖಾನೆಗಳಲ್ಲೂ ತಗಡು ಬಡಿಯುವುದನ್ನು, ರಿವೆಟ್ ಹೊಡೆಯುವುದನ್ನು, ಬೆಸುಗೆ ಹಾಕುವುದನ್ನು ಕಲಿತ ಒಂದು ಪೀಳಿಗೆ ಮನೆಗೆ ಮರಳಿತ್ತು. ಯುದ್ಧದಲ್ಲಿ ಮಿಕ್ಕ ಅಲ್ಯೂಮಿನಿಯಂ ಹಾಳೆ, ಆಸನ, ಮೀಟರುಗಳು ಸರ್ಕಾರಿ ಹರಾಜಿನ ಮೂಲಕ ಅಂಗಡಿಗಳಿಗೆ ಬಂದು ಬೀಳುತ್ತಿದ್ದವು.

ಸ್ಪೆಷಲ್ ಕಟ್ಟುವ ಕೆಲಸಕ್ಕೆ ಕಾಲಕ್ರಮದಲ್ಲಿ ಒಂದು ಪರಿಪಾಠವೇ ಬೆಳೆಯಿತು. 1934ರಿಂದ ತಯಾರಾಗುತ್ತಿದ್ದ ‘ರೂಬಿ’ ಎಂಬ ಮುಚ್ಚಿದ ಮೈಯ ಮಾದರಿ ಹೇರಳವಾಗಿ ಸಿಗುತ್ತಿದ್ದುದರಿಂದ ಬಲಿಯಾದದ್ದು ಹೆಚ್ಚಾಗಿ ಅದೇ. ಅದರ ಭಾರವಾದ ಉಕ್ಕಿನ ಮೈಯನ್ನು ಕಳಚಿ ಎಸೆದ ಮೇಲೆ ಉಳಿಯುವ ಚಾಸಿಯ ದೋಣಿ-ಪಟ್ಟಿಗಳ ತೆರೆದ ಬದಿಗೆ ಉಕ್ಕಿನ ತಗಡನ್ನು ಬೆಸೆದು ಮುಚ್ಚಿದರೆ, ಪಟ್ಟಿ ಪೆಟ್ಟಿಗೆಯ ಆಕಾರ ಪಡೆದು ತಿರುಚುವ ಬಲಕ್ಕೆ ಸುಲಭವಾಗಿ ಸೋಲುತ್ತಿರಲಿಲ್ಲ. ಮುಂದಿನ ಸ್ಪ್ರಿಂಗಿನ ಬಾಗನ್ನು ತಗ್ಗಿಸಿ, ಹಿಂದಿನವನ್ನು ಚಪ್ಪಟೆಯಾಗಿಸಿದರೆ ಕಾರು ನೆಲಕ್ಕೆ ಹತ್ತಿರವಾಗುವುದಲ್ಲದೆ ಹಿಂದಿನ ಅಚ್ಚಿನ ಓರೆಯಾಗುವ ಚಾಳಿಯೂ ತಗ್ಗುತ್ತಿತ್ತು. ಇನ್ನೂ ಧೈರ್ಯವಿದ್ದವರು ಮುಂದಿನ ಅಚ್ಚನ್ನು ನಡುಮಧ್ಯೆ ಕತ್ತರಿಸಿ, ಎರಡು ತುಂಡುಗಳನ್ನೂ ನಡುವಿನಲ್ಲಿ ಕೀಲಿನಿಂದ ಚಾಸಿಗೆ ತಗುಲಿಸುತ್ತಿದ್ದರು. ಇದರಿಂದ ಒಂದು ಚಕ್ರ ಗುಂಡಿಗೆ ಇಳಿದರೆ ಇನ್ನೊಂದು ಅದರ ಜೊತೆ ಓಲಾಡಬೇಕಾಗುತ್ತಿರಲಿಲ್ಲ. ಲೆಸ್ಲಿ ಬ್ಯಾಲಮಿ ಎಂಬ ಎಂಜಿನಿಯರ್ ಮೂವತ್ತರ ದಶಕದಲ್ಲಿ ಪ್ರಚಾರಕ್ಕೆ ತಂದ ಈ ಕತ್ತರಿಸಿದ ಅಚ್ಚನ್ನು ಪೂರ್ಣ ಪರಿಹಾರವೆನ್ನಲಾಗದು, ಏಕೆಂದರೆ ಚಕ್ರ ಮೇಲೆ ಕೆಳಗೆ ಆಡಿದಾಗಲೆಲ್ಲ ಅದರ ನಿಲುವು ಒಳಕ್ಕೂ ಹೊರಕ್ಕೂ ವಾಲುತ್ತಿತ್ತು. ಆದರೆ ಗರಗಸ ಮತ್ತು ಬೆಸುಗೆಯ ಖರ್ಚಿನಲ್ಲಿ ಸ್ವತಂತ್ರ ಸಸ್ಪೆನ್ಷನ್ ಕೊಡಬಲ್ಲ ಇನ್ನೊಂದು ಉಪಾಯ ಅವರಿಗೆ ತಿಳಿದಿರಲಿಲ್ಲ.

ಎಂಜಿನ್ನಿನ ಮಟ್ಟಿಗೆ ಮೊದಲ ಹೆಜ್ಜೆ ಸಿಲಿಂಡರ್ ಹೆಡ್ಡಿನ ಅಡಿಯನ್ನು ಸವರಿ ತೆಳುವಾಗಿಸುವುದು. ಇದರಿಂದ ಉರಿಯುವ ಮಿಶ್ರಣ ಇನ್ನಷ್ಟು ಒತ್ತಿಹೋಗಿ ಹೆಚ್ಚು ಬಲ ಕೊಡುತ್ತಿತ್ತು. ಬಳಿಕ ಇಂಧನ ಮತ್ತು ಗಾಳಿಯನ್ನು ಬೆರೆಸುವ ಕಾರ್ಬ್ಯುರೇಟರನ್ನು ಬದಲಿಸಿ ದೊಡ್ಡ ಎಸ್‌ಯು ಕಾರ್ಬ್ಯುರೇಟರ್ ಕೂರಿಸುವುದು, ವಾಲ್ವ್‌ಗಳಿಗೆ ಜೋಡಿ ಸ್ಪ್ರಿಂಗ್ ಹಾಕುವುದು, ಎಂಜಿನ್ನಿನ ಸುತ್ತನ್ನು ಸಮವಾಗಿಡುವ ಭಾರದ ಚಕ್ರವಾದ ಫ್ಲೈವೀಲನ್ನು ಲೇತಿನಲ್ಲಿ ಕಡೆದು ಹಗುರಗೊಳಿಸುವುದು, ಒಳಹರಿವಿನ ದಾರಿಗಳನ್ನು ಅರದಿಂದ ಉಜ್ಜಿ ನುಣುಪಾಗಿಸುವುದು. ಇವುಗಳಲ್ಲಿ ಪ್ರತಿಯೊಂದೂ ಬಳುಕುವ ಆ ಕ್ರ್ಯಾಂಕ್‌ಶಾಫ್ಟಿನ ಮೇಲೆ ಹೊಸ ಹೊರೆ ಹೇರುತ್ತಿದ್ದುದರಿಂದ, ಎಲ್ಲಿ ನಿಲ್ಲಬೇಕೆಂಬುದನ್ನು ಹುಡುಗರು ಸಾಮಾನ್ಯವಾಗಿ ಒಂದು ಶಾಫ್ಟನ್ನು ಮುರಿದುಕೊಂಡ ಮೇಲೆ ತಿಳಿಯುತ್ತಿದ್ದರು. ಕಾರಿನ ಶಿಕ್ಷಣ ಮೌಲ್ಯವೆಂದು ಹೊಗಳಲಾಗುವುದು ನಿಜಕ್ಕೂ ಇದನ್ನೇ. ಒಳ್ಳೆಯ ಕಾರಿನಲ್ಲಿ ಒಂದು ಭಾಗವನ್ನು ಬದಲಿಸಿದರೆ ಅದರ ಪರಿಣಾಮ ಉಳಿದ ಭಾಗಗಳ ಗುಣದಲ್ಲಿ ಮುಚ್ಚಿಹೋಗಬಹುದು. ಸೆವೆನ್‌ನಲ್ಲಿ ಎಲ್ಲ ಭಾಗಗಳೂ ತಮ್ಮ ಮಿತಿಯ ಅಂಚಿನಲ್ಲೇ ಇದ್ದುದರಿಂದ ಬಲ, ಭಾರ, ಬಿಗಿತ, ಬ್ರೇಕು ಇವು ಒಂದಕ್ಕೊಂದು ತೆತ್ತುಕೊಳ್ಳಬೇಕಾದ ಲೆಕ್ಕ ಕಣ್ಣಿಗೆ ಕಟ್ಟುತ್ತಿತ್ತು.

ಯುದ್ಧಾನಂತರ 750 ಮೋಟಾರ್ ಕ್ಲಬ್ಬಿಗೆ ಮರುಜೀವ ಕೊಟ್ಟವರಲ್ಲಿ ಮುಖ್ಯನಾದವನು ಹಾಲೆಂಡ್ ಬರ್ಕೆಟ್ ಎಂಬ ಪಶುವೈದ್ಯ. 1949-50ರ ಸುಮಾರಿಗೆ ರೂಪುಗೊಂಡ ‘750 ಫಾರ್ಮುಲಾ’ ಎಂಬ ರೇಸಿನ ನಿಯಮಾವಳಿಯ ಉದ್ದೇಶ ಖರ್ಚನ್ನು ಕಟ್ಟಿಹಾಕುವುದು. ಆಸ್ಟಿನ್ ಸೆವೆನ್‌ನ ಚಾಸಿ ಮತ್ತು ಎಂಜಿನ್ನು ಮೂಲವಾಗಿರಬೇಕು, ಗಾಳಿಯನ್ನು ಬಲವಂತವಾಗಿ ತುಂಬುವ ಸೂಪರ್‌ಚಾರ್ಜರ್ ಇರಕೂಡದು. ಜ್ಯಾಕ್ ಫ್ರೆಂಚ್ ತನ್ನ ಕಾರಿಗೆ ‘ಸಿಂಪ್ಲಿಸಿಟಿ’ ಎಂದೇ ಹೆಸರಿಟ್ಟು, ಅಲಂಕಾರವೇನೂ ಇಲ್ಲದ ಅದನ್ನು ಸತತವಾಗಿ ಗೆಲ್ಲಿಸಿ, ಹಣಕ್ಕಿಂತ ಜೋಡಣೆಯ ಅಚ್ಚುಕಟ್ಟು ಮೇಲೆಂದು ತೋರಿಸಿದ. ನಿಯಮಗಳ ಅಕ್ಷರವನ್ನು ಪಾಲಿಸಿ ಅವುಗಳ ಆಶಯವನ್ನು ದಾಟಿಹೋಗುವ ಇನ್ನೊಂದು ಬಗೆಯ ಜಾಣತನವೂ ಇದೇ ಅಂಗಳದಲ್ಲಿ ಬೆಳೆಯಿತು, ಮತ್ತು ಅದರ ಪ್ರತಿನಿಧಿ ಕಾಲಿನ್ ಚ್ಯಾಪ್‌ಮನ್.

1928ರಲ್ಲಿ ಹುಟ್ಟಿದ ಚ್ಯಾಪ್‌ಮನ್ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುತ್ತಲೇ ಹಳೆಯ ಕಾರುಗಳ ವ್ಯಾಪಾರ ಮಾಡುತ್ತಿದ್ದ. 1947ರಲ್ಲಿ ಖಾಸಗಿ ಓಡಾಟಕ್ಕೆ ಪೆಟ್ರೋಲೇ ಸಿಗದಂತಾದಾಗ ಆ ಮಾರುಕಟ್ಟೆ ಕುಸಿದು, ಮಾರಲಾಗದೆ ಉಳಿದ ಆಸ್ಟಿನ್ ಸೆವೆನ್ ಒಂದನ್ನು, ಮುಂದೆ ತನ್ನ ಪತ್ನಿಯಾದ ಹೇಜಲ್‌ಳ ತಂದೆತಾಯಿಯ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಸ್ಪೆಷಲ್ಲಾಗಿ ಮಾರ್ಪಡಿಸಿದ. ಉತ್ತರ ಲಂಡನ್ನಿನ ಮಸ್‌ವೆಲ್ ಹಿಲ್‌ನ ಈ ಗ್ಯಾರೇಜಿನಲ್ಲಿ 1948ರಲ್ಲಿ ಸಿದ್ಧವಾದ ಕಾರೇ ಮೊದಲ ‘ಲೋಟಸ್’. ಕೆಸರುಗುಡ್ಡ ಹತ್ತುವ ‘ಟ್ರಯಲ್ಸ್’ ಸ್ಪರ್ಧೆಗಾಗಿ ಮಾಡಿದ ಅದರ ಮೈ ಅಲ್ಯೂಮಿನಿಯಂ ಹೊದಿಸಿದ ಪ್ಲೈವುಡ್ಡಿನದು. ವಿದ್ಯಾರ್ಥಿ ಆ ಮೈಯನ್ನು ಬರಿಯ ಹೊದಿಕೆಯಾಗಿ ಬಿಡದೆ, ಸೊರಗಿದ ಚಾಸಿಗೆ ಬಿಗಿತ ಕೊಡುವ ಅಂಗವಾಗಿ ಜೋಡಿಸಿದ್ದ. 1951ರಲ್ಲಿ 750 ಫಾರ್ಮುಲಾಕ್ಕಾಗಿ ಕಟ್ಟಿದ ಮೂರನೆಯ ಲೋಟಸ್ಸಿನಲ್ಲಿ ಆತ ಎಂಜಿನ್ನಿನ ಮೂಲದೋಷವೊಂದಕ್ಕೆ ಕೈಹಾಕಿದ. ಸೆವೆನ್ ಎಂಜಿನ್ನಿನಲ್ಲಿ ನಾಲ್ಕು ಸಿಲಿಂಡರುಗಳಿಗೆ ಮಿಶ್ರಣ ಒಳಬರುವ ಬಾಯಿಗಳು ಎರಡೇ, ಅಂದರೆ ಅಕ್ಕಪಕ್ಕದ ಎರಡೆರಡು ಸಿಲಿಂಡರುಗಳು ಒಂದೇ ಬಾಯಿಯಿಂದ ಉಸಿರಾಡಬೇಕಿದ್ದು, ಒಂದರ ಪಾಲನ್ನು ಇನ್ನೊಂದು ಕಸಿದುಕೊಳ್ಳುತ್ತಿತ್ತು. ಚ್ಯಾಪ್‌ಮನ್ ಆ ದಾರಿಗಳನ್ನು ನಡುವೆ ಸೀಳಿ, ಸಿಲಿಂಡರಿಗೊಂದರಂತೆ ಬೇರ್ಪಡಿಸಿದ. ಆ ವರ್ಷ ಅವನ ಕಾರಿಗೆ ಎದುರಾಳಿಯೇ ಇಲ್ಲವೆನ್ನುವಂತಾಯಿತು, ಕ್ಲಬ್ಬು ಆ ಉಪಾಯವನ್ನು ನಿಷೇಧಿಸಿತು. ಎರಡೂ ಕಡೆಯವರು ತಮ್ಮ ತಮ್ಮ ನೆಲೆಯಲ್ಲಿ ಸರಿಯಾಗಿಯೇ ಇದ್ದರೆನ್ನಬೇಕು. 1952ರ ಜನವರಿ 1ರಂದು, ಹೇಜಲ್ ಸಾಲ ಕೊಟ್ಟ 25 ಪೌಂಡುಗಳಿಂದ, ಚ್ಯಾಪ್‌ಮನ್ನನ ತಂದೆ ನಡೆಸುತ್ತಿದ್ದ ಹಾರ್ನ್ಸಿಯ ರೈಲ್ವೆ ಹೋಟೆಲಿನ ಹಿಂದಿನ ಹಳೆಯ ಲಾಯದಲ್ಲಿ ಲೋಟಸ್ ಕಂಪನಿ ಆರಂಭವಾಯಿತು. ಚೌಕಟ್ಟನ್ನೇ ಕೈಬಿಟ್ಟು ಮೈಯನ್ನೇ ಆಧಾರವಾಗಿಸಿದ ಲೋಟಸ್ 25ರಲ್ಲಿ ಜಿಮ್ ಕ್ಲಾರ್ಕ್ 1963ರ ವಿಶ್ವ ಚಾಂಪಿಯನ್ ಆದದ್ದನ್ನು ಮಸ್‌ವೆಲ್ ಹಿಲ್‌ನ ಪ್ಲೈವುಡ್ಡಿನಿಂದ ನೇರ ಗೆರೆಯಾಗಿ ಎಳೆದು ತೋರಿಸುವುದು ಅತಿಯಾದೀತು. ತಗಡು ತನ್ನ ಕೂಲಿಯನ್ನು ತಾನೇ ದುಡಿಯಬೇಕೆಂಬ ಪಟ್ಟು ಮಾತ್ರ ಎರಡರಲ್ಲೂ ಒಂದೇ.

ಕಾರು ರಫ್ತಾದ ಕಡೆಗೆಲ್ಲ ಪದ್ಧತಿಯೂ ಹೋಯಿತು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಪೆಟ್ರೋಲ್ ಬಂಕು ಮತ್ತು ಗ್ಯಾರೇಜು ನಡೆಸುತ್ತಿದ್ದ ಲೆಸ್ ಮೆಕ್‌ಲಾರೆನ್ 1950ರ ದಶಕದ ಆರಂಭದಲ್ಲಿ 1929ರ ಅಲ್‌ಸ್ಟರ್ ಒಂದನ್ನು ಬಿಚ್ಚಿದ ಸ್ಥಿತಿಯಲ್ಲೇ ಕೊಂಡು ತಂದ. ಅದನ್ನು ತಂದೆಯ ಜೊತೆ ಜೋಡಿಸಿ, ತಿದ್ದಿ, ಮುರಿವಾಯಿ ಕಡಲತೀರದ ಬಳಿಯ ಗುಡ್ಡ ಹತ್ತುವ ಸ್ಪರ್ಧೆಯಲ್ಲಿ ಓಡಿಸಿದಾಗ ಮಗ ಬ್ರೂಸ್‌ನ ವಯಸ್ಸು 15. ಬಾಲ್ಯದಲ್ಲಿ ಸೊಂಟದ ಮೂಳೆಯ ಕಾಯಿಲೆಯಿಂದ ಎರಡು ವರ್ಷ ಚಿಕಿತ್ಸಾಲಯದಲ್ಲಿ ಮಲಗಿದ್ದ ಹುಡುಗ ಅವನು. 1963ರಲ್ಲಿ ಅವನು ಸ್ಥಾಪಿಸಿದ ಮೆಕ್‌ಲಾರೆನ್ ತಂಡ ಆ ಪುಟ್ಟ ಅಲ್‌ಸ್ಟರನ್ನು ಇಂಗ್ಲೆಂಡಿನ ವೋಕಿಂಗ್‌ನ ತನ್ನ ಕೇಂದ್ರದಲ್ಲಿ ಉಳಿಸಿಕೊಂಡಿದೆ.

ಐವತ್ತರ ದಶಕದ ನಡುವಿಗೆ ಹವ್ಯಾಸ ವ್ಯಾಪಾರವಾಗತೊಡಗಿತು. ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಅಚ್ಚಿನಲ್ಲಿ ಗಟ್ಟಿಯಾಗಿಸುವ ಫೈಬರ್‌ಗ್ಲಾಸ್ ಬಂದ ಮೇಲೆ, ಆಶ್ಲಿ ಲ್ಯಾಮಿನೇಟ್ಸ್‌ನಂಥ ಕಂಪನಿಗಳು ಸೆವೆನ್ ಚಾಸಿಯ ಅಳತೆಗೆ ನಯವಾದ ಮೈಗಳನ್ನು ಮಾರತೊಡಗಿದವು. ಜೆಮ್ ಮಾರ್ಷ್‌ನ ‘ಸ್ಪೀಡೆಕ್ಸ್’ ಬಿಡಿಭಾಗಗಳನ್ನು ಅಂಚೆಯಲ್ಲಿ ಕಳಿಸುತ್ತಿತ್ತು, ಮತ್ತು ಆ ಗಳಿಕೆಯ ಬೆನ್ನಿಗೇ ‘ಮಾರ್ಕೋಸ್’ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿತು. 1958ರಲ್ಲಿ ಎಲ್.ಎಂ. ವಿಲಿಯಮ್ಸ್ ಸೆವೆನ್ ಸ್ಪೆಷಲ್ ಕಟ್ಟುವ ವಿಧಾನದ ಬಗ್ಗೆ ಪುಸ್ತಕವನ್ನೇ ಬರೆದ. ಫೈಬರ್‌ಗ್ಲಾಸಿನ ಮೈ ಕೆಲಸವನ್ನು ಸುಲಭಗೊಳಿಸಿತೇ ಹೊರತು ಪದ್ಧತಿಗೆ ಉಪಕಾರ ಮಾಡಿತೆನ್ನುವುದು ಕಷ್ಟ. ಹಣವೆಲ್ಲ ಮೈಗೆ ಹೋಗಿ, ಅದರ ಕೆಳಗೆ ದುರಸ್ತಿ ಕಾಣದ ತಂತಿ ಬ್ರೇಕುಗಳು ಹಾಗೆಯೇ ಉಳಿದ ಕಾರುಗಳು ರಸ್ತೆಗೆ ಬಂದವು. ಇದೇ ಕಾಲದಲ್ಲಿ, ಕೊಂಡವನೇ ಜೋಡಿಸಿಕೊಳ್ಳುವ ಬಿಡಿಭಾಗಗಳ ‘ಕಿಟ್’ಗೆ ಖರೀದಿ ತೆರಿಗೆ ಅನ್ವಯಿಸದಿದ್ದುದರಿಂದ, ಲೋಟಸ್ ಸಿಕ್ಸ್ ಮತ್ತು 1957ರ ಲೋಟಸ್ ಸೆವೆನ್ ಹಿತ್ತಲಿನ ಎಂಜಿನಿಯರನ್ನು ಗ್ರಾಹಕನನ್ನಾಗಿ ಮಾಡಿದವು. ಆ ರಿಯಾಯಿತಿ 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಾಗ ಕೊನೆಗೊಂಡಿತು.

ಸೆವೆನ್ ಸ್ಪೆಷಲ್‌ಗಳ ಇಳಿಗಾಲ ಅದಕ್ಕೂ ಮೊದಲೇ ಬಂದಿತ್ತು. 1958ರಲ್ಲಿ ಅಗ್ಗದ ಆಸ್ಟಿನ್-ಹೀಲಿ ಸ್ಪ್ರೈಟ್, ಮರುವರ್ಷ ಮಿನಿ ಬಂದು, ಕಾಲಕ್ರಮೇಣ ಅವುಗಳ ಹಳೆಯ ಪ್ರತಿಗಳೇ ಹುಡುಗರ ಕೈಗೆ ಸಿಗತೊಡಗಿದವು. 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳ ಬ್ರೇಕು, ಸ್ಟೀರಿಂಗ್ ಮತ್ತು ದೀಪಗಳನ್ನು ಪರೀಕ್ಷಿಸುವ ಕಡ್ಡಾಯ ವ್ಯವಸ್ಥೆ ಜಾರಿಯಾಯಿತು. 1939ರಲ್ಲೇ ನಿರ್ಮಾಣ ನಿಂತಿದ್ದ ಕಾರುಗಳೆಲ್ಲವೂ ಅದರ ವ್ಯಾಪ್ತಿಗೆ ಬಂದು, ಅನೇಕವು ಗುಜರಿ ಸೇರಿದವು. ಅದನ್ನು ಆಗಿನ ಉತ್ಸಾಹಿಗಳು ಅಧಿಕಾರಶಾಹಿಯ ಕ್ರೌರ್ಯವೆಂದು ಬೈದರೂ, ಆ ಬ್ರೇಕುಗಳನ್ನು ಬಲ್ಲವರು ಪರೀಕ್ಷಕರನ್ನು ಪೂರ್ತಿ ದೂರಲಾರರು.

ಉಳಿದವು ಈಗ ಪುರಾತನ ವಸ್ತುಗಳಾಗಿ ಬೆಲೆ ಪಡೆದಿರುವುದರಿಂದ ಹೊಸ ತೊಡಕೊಂದು ತಲೆದೋರಿದೆ. 1934ರಲ್ಲಿ ಸ್ಥಾಪನೆಯಾದ ವಿಂಟೇಜ್ ಸ್ಪೋರ್ಟ್ಸ್-ಕಾರ್ ಕ್ಲಬ್ಬಿನ ಸ್ಪರ್ಧೆಗಳಲ್ಲಿ ಭಾಗವಹಿಸುವ ಕಾರಿನ ಭಾಗಗಳು ಯಾವ ಕಾಲದವೆಂಬುದಕ್ಕೆ ವಿವರವಾದ ದಾಖಲೆ ಬೇಕು; ಐವತ್ತರ ದಶಕದ ಹುಡುಗ ಮಾರಿಸ್ ಮೈನರ್ ಕಾರಿನಿಂದ ತಂದು ಹಾಕಿದ ಹೈಡ್ರಾಲಿಕ್ ಬ್ರೇಕು, ಎಂದರೆ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕು, ಅಂದು ಅವನ ಕಾರಿನ ಅತ್ಯುತ್ತಮ ಸುಧಾರಣೆಯಾಗಿದ್ದರೂ ಇಂದು ಅಲ್ಲಿ ಅಡ್ಡಿಯಾಗುತ್ತದೆ. ರೂಬಿ ಕಾರುಗಳನ್ನು ಒಡೆದು ಅಲ್‌ಸ್ಟರಿನ ಪಡಿಯಚ್ಚು ಮಾಡುವುದು ಈಗಲೂ ನಡೆದಿದ್ದು, ಮೂಲ ಕಾರುಗಳ ಸಂರಕ್ಷಕರು ಅದನ್ನು ಒಪ್ಪುವುದಿಲ್ಲ. ಅವರ ಆಕ್ಷೇಪಕ್ಕೆ ತೂಕವಿದೆ. ಆದರೆ ಅದೇ ಮಾನದಂಡವನ್ನು 1948ಕ್ಕೆ ಅನ್ವಯಿಸಿದ್ದರೆ ಮಸ್‌ವೆಲ್ ಹಿಲ್‌ನ ಗ್ಯಾರೇಜಿನಲ್ಲಿ ಒಂದು ಹಳೆಯ ಆಸ್ಟಿನ್ ಮಾತ್ರ ಉಳಿದಿರುತ್ತಿತ್ತು. 750 ಮೋಟಾರ್ ಕ್ಲಬ್ಬಿನ 750 ಫಾರ್ಮುಲಾ ಇಂಥ ಚರ್ಚೆಗೆ ಕಾಯದೆ ಮುಂದೆ ಸಾಗಿತು. ಸೆವೆನ್ ಎಂಜಿನ್ನುಗಳು ಸವೆದುಹೋದಂತೆ ರಿಲಯಂಟ್ ಕಂಪನಿಯ ಮೂರು ಚಕ್ರದ ಗಾಡಿಗಳ ಎಂಜಿನ್ನಿಗೆ ಅದು ಅವಕಾಶ ಕೊಟ್ಟಿತು, ಆಮೇಲೆ ಫಿಯೆಟ್ಟಿನ ಎಂಜಿನ್ನಿಗೆ. ಈಗ ಅಲ್ಲಿ ಓಡುವ ಕಾರುಗಳ ಎಂಜಿನ್ನು 1,108 ಸಿಸಿಯದು, ಹೆಸರಿನಲ್ಲಿ 750 ಹಾಗೆಯೇ ಇದೆ.